ಮುಚ್ಚಳ ಹಾಕದ ಚಿಪ್

ಉಗುರಿನಷ್ಟಗಲದ ಆ ಚಿಪ್ ಹೊರಗೆ ಮಾಡಿಸಿ ತರಿಸಲು ನನ್ನ ಎರಡು ವರ್ಷದ ಸಂಬಳದಷ್ಟು ಖರ್ಚು, ಒಂಬತ್ತು ತಿಂಗಳ ಕಾಯುವಿಕೆ. ಬಸಿರು ಹೊತ್ತ ಹಾಗೆಯೇ. ಕೂದಲಿಗಿಂತ ಸಣ್ಣ ಚಿನ್ನದ ತಂತಿಗಳನ್ನು ಅದಕ್ಕೆ ಕೂರಿಸುವ ಕೆಲಸ ನನ್ನದು. ಕೈ ನಡುಗಿದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆಗ ನಮ್ಮ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿಯನ್ನು ಎಲ್ಲರೂ ಮಿಡತೆ ಎನ್ನುತ್ತಿದ್ದೆವು. ಒಂದು ಮೇಜಿನ ಬಳಿ ನಿಂತವಳಲ್ಲ. ಮಿದುಳಿನ ನರಗಳಂತೆ ತಾನೇ ಕಲಿಯುವ ಸರ್ಕ್ಯೂಟ್ ಅವಳದು. ಒಂದು ಆಕಾರವನ್ನು ನಾಲ್ಕು ಸಲ ತೋರಿಸಿದರೆ ಐದನೆಯ ಸಲ ಗುರುತು ಹಿಡಿಯುತ್ತಿತ್ತು. ಸಂಜೆಯೊಳಗೆ ಮರೆಯುತ್ತಿತ್ತು. "ನಮ್ಮ ಮಿದುಳಿನ ಹಾಗೇ ಮರೆಯುತ್ತೆ!" ಎಂದು ಅವಳ ಗೈಡ್ ಹಿಗ್ಗಿದ್ದರು. ಆ ಮರೆವಿನ ಮೇಲೆಯೇ ಎರಡು ಅಧ್ಯಾಯ ಬರೆದಿದ್ದಳು. ಪ್ರಬಂಧ ಒಪ್ಪಿಸಲು ಮೂರು ವಾರವಿತ್ತು, ಆಮೇಲೆ ಸೇರಲು ಒಂದು ನೌಕರಿಯೂ ಕಾದಿತ್ತು.

ಒಂದು ಮಧ್ಯಾಹ್ನ ಸಡಿಲವಾದ ತಂತಿ ನೋಡಲು ಸೂಕ್ಷ್ಮದರ್ಶಕದ ದೀಪ ಹಾಕಿದೆ. ಮಿಡತೆ ನೋಡುತ್ತಿದ್ದ ಪರದೆಯ ಮೇಲಿನ ಗೆರೆ ಧಡಕ್ಕನೆ ಇಳಿಯಿತು.

"ಅಕ್ಕಾ, ಏನ್ ಮಾಡಿದ್ರಿ?"

"ಲೈಟ್ ಹಾಕಿದೆ ಕಣೇ. ನನ್ನ ಕಣ್ಣೇನು ನಿನ್ನ ಹಾಗೆ ಎಳೇದಾ?"

"ಆರಿಸಿ."

ಗೆರೆ ನಿಂತಿತು. ಮತ್ತೆ ಹಾಕಿದೆ, ಮತ್ತೆ ಇಳಿಯಿತು. ಬೆಳಕು ಬಿದ್ದಾಗ ಚಿಪ್ ನೆನಪಾಗಿ ಹಿಡಿದಿಟ್ಟ ವಿದ್ಯುತ್ತು ಸೋರಿಹೋಗುತ್ತಿತ್ತು. ಬಂದವರಿಗೆಲ್ಲ ಚಿಪ್ ತೋರಿಸುವುದು ಗೈಡ್‌ಗೆ ಖುಷಿ, ಅದಕ್ಕೇ ನಾವು ಯಾವತ್ತೂ ಮುಚ್ಚಳ ಅಂಟಿಸುತ್ತಿರಲಿಲ್ಲ. ಮುರಿದ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ ಹೊದಿಸಿದೆ.

ಮಾರನೆಯ ಬೆಳಿಗ್ಗೆ ಮಿಡತೆ ಕುರ್ಚಿಯಲ್ಲಿ ಕುಸಿದಳು. "ಇದು ಮರೆತೇ ಇಲ್ಲ, ಅಕ್ಕಾ."

"ಒಳ್ಳೇದಲ್ವೇನೇ?"

"ಮರೆಸ್ತಿದ್ದದ್ದು ಕೋಣೆಯ ಬೆಳಕು, ನನ್ನ ಎರಡು ಅಧ್ಯಾಯ ಸುಳ್ಳಾಯ್ತಲ್ಲ! ಮೂರು ವಾರ ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ. ಏನಂತೀರಿ?"

"ನಾನು ಓದಿದವಳಲ್ಲಮ್ಮ. ತಂತಿ ಸಡಿಲ ಅಂತ ಗೊತ್ತಿದ್ದೂ ಕೈಬಿಟ್ಟ ಕೆಲಸ ಒಂದಲ್ಲ ಒಂದಿನ ನನ್ನ ಮೇಜಿಗೇ ವಾಪಸ್ ಬಂದಿದೆ. ನನಗೆ ಗೊತ್ತಿರೋದು ಅಷ್ಟೇ."

ಅವಳು ಎದ್ದು ಗೈಡ್ ಕೋಣೆಗೆ ಹೋಗಿ ಎಲ್ಲ ಹೇಳಿದಳು. ನಾನೂ ಬಾಗಿಲಲ್ಲಿ ನಿಂತೆ.

"ತೋರಿಸೋ ಚಪಲ ನಂದು, ದಂಡ ನಿಂಗೆ," ಎಂದರು ಗೈಡ್. "ಮತ್ತೆ ಎಲ್ಲ ಅಳತೆ ಮಾಡಮ್ಮಾ."

ಮತ್ತೆ ಅಳೆಯಲು ಒಂದು ವರ್ಷ ಹಿಡಿಯಿತು. ಕಿಟಕಿಗೆ ಕಪ್ಪು ಕಾಗದ ಅಂಟಿಸಿಕೊಂಡು ಕೂರುತ್ತಿದ್ದೆವು. ಅವಳು ಅಂಕಿ ಓದುತ್ತಿದ್ದಳು, ನಾನು ತಂತಿ ತಿದ್ದುತ್ತಿದ್ದೆ. ಡಬ್ಬಿ ಬಿಚ್ಚಿದರೆ ನನ್ನ ಪಲ್ಯ ಅವಳಿಗೆ, ಅವಳ ಹರಟೆ ನನಗೆ. ನಾನು ಹೊಲಿಗೆ ಕಲಿಸಿದೆ, ಅವಳು ಗ್ರಾಫ್ ಓದುವುದನ್ನು ಕಲಿಸಿದಳು. ಇಂದಿಗೂ ಕತ್ತಲೆ ಕೋಣೆ ಕಂಡರೆ ಅವಳ ಬಡಬಡಿಕೆ ಕಿವಿಗೆ ಬಂದಂತಾಗುತ್ತದೆ.

ಕಾದಿದ್ದ ನೌಕರಿ ಬೇರೆಯವರ ಪಾಲಾಯಿತು. ಎರಡು ಅಧ್ಯಾಯ ಅರ್ಧ ಪುಟಕ್ಕಿಳಿಯಿತು. ಕಲಿತದ್ದನ್ನು ನಲವತ್ತು ದಿನ ಹಿಡಿದಿಡುವ ಸರ್ಕ್ಯೂಟ್ ಅವಳ ಹೆಸರಿಗೆ ಉಳಿಯಿತು, ಡಿಗ್ರಿಯೂ ಬಂತು. ನನಗೆ ಊಟಕ್ಕೆ ಒಂದು ವರ್ಷ ಜೊತೆ ಸಿಕ್ಕಿತ್ತು. ಅವಳು ಹೋದಮೇಲೆ ಅದು ಇಲ್ಲವಾಯಿತು.