ಬೆಕ್ಕಿಗೆ ದಾರಿ ಬಿಡದವರು

ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಮೇಡಂ ವಿಷಯ ಹೇಳಿ ಮುಗಿಸಿದರು. ಹಲ್ಲಪ್ಪನಿಗೆ ಇಲ್ಲಿ ಇವತ್ತೇ ಕೊನೆ. ಅವನ ಅಮ್ಮನಿಗೆ ಫೋನ್ ಮಾಡಿಯಾಗಿದೆ, ಮಧ್ಯಾಹ್ನ ಬಂದು ಕರೆದುಕೊಂಡು ಹೋಗುತ್ತಾಳೆ. ಅಲ್ಲಿಯವರೆಗೆ ಅವನನ್ನು ಮೂಲೆಯಲ್ಲಿ ಕೂರಿಸು, ಬೇರೆ ಮಕ್ಕಳ ಹತ್ತಿರ ಸೇರಿಸಬೇಡ.

ಅತ್ತೆ ಅಂದರೆ ಆ ಡೇಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಯಾವುದೋ ಮಗು ಹಾಗೆ ಕರೆದದ್ದೇ ನೆಪ, ಈಗ ಯಜಮಾನಿ ಮೇಡಂ ಬಾಯಲ್ಲೂ ಅದೇ. ಹಲ್ಲಪ್ಪ ಮೂರು ವರ್ಷದ ಹುಡುಗ. ಆ ಹೆಸರಿಟ್ಟವರು ಉಳಿದ ಮಕ್ಕಳ ಅಪ್ಪ ಅಮ್ಮಂದಿರು, ದೊಡ್ಡ ಮನುಷ್ಯರು. ಅವನು ಕಚ್ಚುತ್ತಿದ್ದ, ಸುಳ್ಳಲ್ಲ. ನಿನ್ನೆ ಎರಡು ಜಡೆಯ ಹುಡುಗಿಯನ್ನು ಕಚ್ಚಿದ್ದ, ಅವಳಪ್ಪ ಬಂದು ಸೂರು ಹಾರಿಹೋಗುವಂತೆ ಕೂಗಾಡಿದ್ದ. ಆದರೆ ಹುಡುಗ ಯಾವಾಗ ಕಚ್ಚುತ್ತಾನೆ ಅನ್ನುವುದು ಯಾರಿಗೂ ಗುಟ್ಟಲ್ಲ. ಕುರ್ಚಿ ಆಟದಲ್ಲಿ ಹಾಡು ನಿಂತು, ಕುರ್ಚಿ ಸಿಗದೆ, ನೀನು ಔಟು ಆಚೆ ಹೋಗು ಅಂದಾಗ. ಆ ಹಾಳು ಆಟ ಬೇಡ ಎಂದು ಅತ್ತೆ ಬಾಯಿ ನೋಯುವಷ್ಟು ಹೇಳಿದ್ದಳು. ಫೋಟೋ ಚೆನ್ನಾಗಿ ಬರುತ್ತದೆ ಎಂದು ಮೇಡಂ ಬಿಡಲಿಲ್ಲ.

ಈ ಮೊದಲೇ ಎರಡು ಕಡೆ ಅವನನ್ನು ಹೊರಗೆ ಹಾಕಿದ್ದರು. ಇಲ್ಲಿಯೂ ಜಾಗ ಹೋದರೆ ಅವನ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು. ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. ಕುರ್ಚಿಗಳನ್ನು ಎತ್ತಿ ಗೋಡೆಗೆ ಒರಗಿಸಿದಳು. ಬೆಕ್ಕು ಇಲಿ ಆಟ, ಎಲ್ಲರೂ ಕೈ ಹಿಡ್ಕೊಳ್ಳಿ ಎಂದಳು. ಮೂಲೆಯಲ್ಲಿ ಗೋಡೆ ಕೆರೆಯುತ್ತಿದ್ದ ಹಲ್ಲಪ್ಪನನ್ನು ಎತ್ತಿ ತಂದು ಸುತ್ತಿನ ನಡುವೆ ನಿಲ್ಲಿಸಿದಳು. ಅವನು ಇಲಿ. ಬೆಕ್ಕು ಹೊರಗಿನಿಂದ ಎಲ್ಲಿ ನುಗ್ಗಿದರೂ ಕೈ ಬಿಡಬಾರದು, ಅಷ್ಟೇ ಆಟ. ಮೊದಲು ಅವಳೇ ಬೆಕ್ಕಾಗಿ ಮಿಯಾಂವ್ ಎಂದು ಸುತ್ತಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು, ಇಲಿಯೂ ನಕ್ಕಿತು.

ಮಧ್ಯಾಹ್ನ ಮೇಡಂ ಒಳಗೆ ಬಂದಾಗಲೂ ಮಕ್ಕಳಿಗೆ ಅದೇ ಆಟ ಬೇಕಾಗಿತ್ತು. ಮೇಡಂ ಕೈಯಲ್ಲಿ ಹುಡುಗನ ಚೀಲ, ಹಿಂದೆ ಅವನ ಅಮ್ಮ. ಮೇಡಂ ಹುಡುಗನನ್ನು ಹಿಡಿಯಲು ಸುತ್ತಿನೊಳಗೆ ಕೈ ಹಾಕಿದರು. ಮಕ್ಕಳು ಒತ್ತಿ ನಿಂತರು. ಮೇಡಂ ನಗುತ್ತ ಇನ್ನೊಂದು ಕಡೆ ಬಂದರು, ಸುತ್ತು ಅಲ್ಲಿಯೂ ಮುಚ್ಚಿಕೊಂಡಿತು. ಹೊಸ ಬೆಕ್ಕು ಮಕ್ಕಳಿಗೆ ಭಾರಿ ಖುಷಿ ಕೊಟ್ಟಿತ್ತು. ಮೇಡಂ ಮುಖದ ನಗು ಇಳಿಯಿತು.

"ಅತ್ತೆ, ಆಟ ನಿಲ್ಸು."

ಅತ್ತೆ ಹೋಗಿ ಇಬ್ಬರು ಮಕ್ಕಳ ನಡುವೆ ನಿಂತು ಅವರ ಕೈ ಹಿಡಿದಳು. "ನಿಲ್ಸಲ್ಲ ಮೇಡಂ. ಈ ಆಟದಲ್ಲಿ ಯಾರೂ ಔಟ್ ಆಗಲ್ಲ."

ನಾಳೆಯಿಂದ ಕೆಲಸಕ್ಕೆ ಬರಬೇಕೋ ಬೇಡವೋ ಯೋಚನೆ ಮಾಡಿಕೋ ಎಂದರು ಮೇಡಂ. ಅತ್ತೆಗೆ ಹೆದರಿಕೆ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. ಆದರೆ ಸಿಟ್ಟು ಅದಕ್ಕಿಂತ ಒಂದು ಕೈ ಮೇಲಿತ್ತು.

"ಹಾಗಾದ್ರೆ ನನ್ನ ಚೀಲನೂ ತಂದ್ಕೊಡಿ. ಇವರನ್ನೆಲ್ಲ ಸಂಜೆ ತನಕ ನೀವೇ ನೋಡ್ಕೊಳ್ಳಿ. ಯಾಕೆ ಹೋದೆ ಅಂತ ಗೇಟ್ ಹತ್ರ ನಿಂತು ಒಬ್ಬೊಬ್ಬ ಅಪ್ಪ ಅಮ್ಮನಿಗೂ ನಾನೇ ಹೇಳ್ತೀನಿ."

ಮೇಡಂ ಗೇಟಿನ ಕಡೆ ಒಮ್ಮೆ ನೋಡಿ, ಸುತ್ತಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಮಗುವೊಂದು ಅವರನ್ನು ನೋಡಿ, ಮಿಯಾಂವ್ ಅನ್ನಿ ಎಂದು ಹೇಳಿಕೊಟ್ಟಿತು.

ಹುಡುಗನ ಅಮ್ಮ ಅಷ್ಟು ಹೊತ್ತೂ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಬಟ್ಟೆ ಒಗೆಯುವ ಸೋಡಾದ ನೀರಿಗೆ ಬೆಂದು ಕೆಂಪಾದ ಕೈ. ಎರಡು ಕಡೆಯಿಂದ ಮಗನನ್ನು ಹೀಗೇ ತಲೆ ತಗ್ಗಿಸಿ ಕರೆದುಕೊಂಡು ಹೋದವಳು. ಈಗ ನೇರ ಬಂದು ಮೇಡಂ ಕೈಯಿಂದ ಚೀಲ ಕಿತ್ತುಕೊಂಡಳು. ಗೋಡೆಯಲ್ಲಿ ಮಗನ ಚೀಲಕ್ಕೆಂದೇ ಇದ್ದ ಮೊಳೆಗೆ ಅದನ್ನು ತಗುಲಿಹಾಕಿದಳು.

"ಅಕ್ಕ, ಪಾಳಿ ಮುಗಿಸ್ಕೊಂಡು ಸಂಜೆ ಬರ್ತೀನಿ" ಎಂದು ಅತ್ತೆಗೆ ಹೇಳಿ, ಮೇಡಂ ಕಡೆ ತಿರುಗಿಯೂ ನೋಡದೆ ಕೆಲಸಕ್ಕೆ ನಡೆದಳು.