ಹತ್ತು ನಿಮಿಷ ಜಾಸ್ತಿ

ನಲವತ್ತು ಮಾಮ ಮೂರನೆಯ ಕಂಬದ ಕೊಕ್ಕೆಗೆ ಹಗ್ಗ ಸಿಕ್ಕಿಸುತ್ತಿದ್ದಾಗ ಅವಳು ಬ್ಯಾಗು ಹಿಡಿದು ಗೇಟಿನೊಳಗೆ ಬಂದಳು. ಅವರ ಕೈ ನಿಂತಿತು.

"ಬಂದ್ಯಾ ಮಗಳೇ" ಎಂದರು. ಕೈಯಲ್ಲಿದ್ದ ಹಗ್ಗದ ತುದಿಯನ್ನು ಅವಳಿಗೇ ಕೊಟ್ಟರು. "ಸ್ವಲ್ಪ ಹಿಡ್ಕೋ. ಇನ್ನೆರಡು ತಿರುವು ಬಾಕಿ."

ಅವಳು ಹಿಡಿದುಕೊಂಡಳು. ಹದಿಮೂರು ಗಂಟೆ ಬಸ್ಸಿನಲ್ಲಿ ಕೂತು ಅಮ್ಮನ ಮುಖ ನೋಡಲು ಬಂದವಳು ಮೊದಲು ಮಾಡಿದ ಕೆಲಸ ಅದು.

ಸಭಾಂಗಣದ ಅಂಗಳದ ತುಂಬ ಮನರಂಜನಾ ಪಾರ್ಕಿನ ಉಗ್ರಾಣದಿಂದ ತಂದ ಕಬ್ಬಿಣದ ಕಂಬಗಳಿದ್ದವು. ಹಗ್ಗ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳುತ್ತ ಬಾಗಿಲಿನವರೆಗೆ ಹೋಗಿತ್ತು. ಒಳಗಿನಿಂದ ತಮ್ಮ ದಡದಡ ಬಂದ.

"ಅಕ್ಕಾ, ಬಿಡು ಅದನ್ನ. ಮಾಮ, ನಿಮಗೆ ಬೆಳಿಗ್ಗೇನೇ ಹೇಳ್ದೆ. ಇದೇನು ರೋಲರ್ ಕೋಸ್ಟರಾ?"

"ಏಳ್ನೂರು ಜನ ಬರ್ತಾರೆ ಕಣಪ್ಪಾ. ಅರ್ಧಕ್ಕರ್ಧ ಜನ ಹತ್ತೂವರೆಗೆ ಶಿಫ್ಟಿಗೆ ಓಡ್ಬೇಕು. ಹನ್ನೆರಡೂವರೆಗೆ ಸ್ಮಶಾನಕ್ಕೆ ಗಾಡಿ. ಬಾಗಿಲಲ್ಲಿ ಗುಂಪು ಕಟ್ಟಿದ್ರೆ ಒಬ್ರಿಗೂ ಮುಖ ಸಿಗಲ್ಲ. ನಿಮ್ಮಮ್ಮ ಅದನ್ನ ಕಂಡಿದ್ರೆ ಎದ್ದು ಬಂದು ಬೈತಿದ್ಲು."

"ಎದ್ದು ಬಂದ್ರೂ ಬಂದಾಳು" ಎಂದು ಪಾರ್ಕಿನ ಕ್ಯಾಂಟೀನಿನ ಹೆಂಗಸು ನಕ್ಕು, ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಾಮನ ನಿಜವಾದ ಹೆಸರು ಪಾರ್ಕಿನಲ್ಲಿ ಯಾರಿಗೂ ನೆನಪಿರಲಿಲ್ಲ. ರೋಲರ್ ಕೋಸ್ಟರಿನ ಪ್ಲಾಟ್‌ಫಾರಂ ಮೇಲೆ ನಿಂತು ನಲವತ್ತು ಸೆಕೆಂಡಿಗೊಂದು ಬಂಡಿ ಬಿಡುತ್ತಿದ್ದವರು ಅವರು. ಕೆಳಗೆ, ಸಾಲಿನ ಬಾಲದಲ್ಲಿ, ಸೀಮೆಸುಣ್ಣ ಹಿಡಿದು ನಿಲ್ಲುತ್ತಿದ್ದವಳು ಅಮ್ಮ, ಎಲ್ಲರ ಬಾಯಲ್ಲಿ ಬೋರ್ಡಮ್ಮ. 'ಇಲ್ಲಿಂದ ಇಷ್ಟು ನಿಮಿಷ' ಎಂದು ಇಪ್ಪತ್ತಾರು ವರ್ಷ ಬರೆದಳು, ಅಳಿಸಿದಳು. ಈಗ ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು.

"ಬಾ, ಒಳಗೆ ಹೋಗೋಣ" ಎಂದ ತಮ್ಮ.

ಅವಳು ಕದಲಲಿಲ್ಲ. "ಡಾಕ್ಟ್ರು ಎಷ್ಟು ದಿನ ಅಂದಿದ್ರು?"

"ಈಗ್ಯಾಕೆ ಅದು?"

"ಎಷ್ಟು ದಿನ ಅಂದಿದ್ರು ಹೇಳು. ಆಮೇಲೆ ಬರ್ತೀನಿ."

ಅಷ್ಟರಲ್ಲಿ ಯಾರೋ ಹೂವಿನ ಬುಟ್ಟಿ ಎಲ್ಲಿಡಲಿ ಎಂದು ಕೂಗಿದರು. ಉತ್ತರ ಕೊಡುವ ನೆವದಲ್ಲಿ ಅವನು ಒಳಗೆ ಹೋಗಿಬಿಟ್ಟ.

*

ಅವಳಿಗೆ ಆಗ ಹತ್ತು ವರ್ಷ. ರಜೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅಮ್ಮನ ಜೊತೆ ಪಾರ್ಕಿಗೆ ಹೋಗುತ್ತಿದ್ದಳು.

"ಎರಡು ಕಂಬದ ನಡುವೆ ಎಷ್ಟು ಜನ?"

"ಎಂಟು."

"ಬಂಡಿಗೆ ಇಪ್ಪತ್ನಾಲ್ಕು. ಅಂದ್ರೆ ಮೂರು ಕಂಬ ದಾಟಿದ್ರೆ ಒಂದು ಬಂಡಿ, ನಲವತ್ತು ಸೆಕೆಂಡು. ಈಗ ಬಾಲ ಎಲ್ಲಿದೆ ನೋಡಿ ಹೇಳು."

ಅವಳು ಬೆರಳು ಮಡಿಸಿ ಎಣಿಸಿ, ನಲವತ್ತು ನಿಮಿಷ ಎಂದಳು. ಅಮ್ಮ ಬೆನ್ನು ತಟ್ಟಿ, ಬೋರ್ಡಿನ ಮೇಲೆ ಐವತ್ತು ಎಂದು ಬರೆದಳು.

"ಅಮ್ಮಾ, ಸುಳ್ಳು!"

"ಸುಳ್ಳಲ್ವೇ. ನಲವತ್ತು ಅಂತ ಬರೆದು ನಲವತ್ತೊಂದಾದ್ರೆ ಶಾಪ ಹಾಕ್ತಾರೆ. ಐವತ್ತು ಅಂತ ಬರೆದು ನಲವತ್ತಕ್ಕೆ ಮೇಲೆ ಹೋದ್ರೆ, ಯಾರೋ ಹತ್ತು ನಿಮಿಷ ಕೈಗಿಟ್ಟ ಹಾಗೆ ನಗ್ತಾರೆ. ಮುಖ ನೋಡು ಬೇಕಾದ್ರೆ."

ನಿಜವೇ ಆಗಿತ್ತು. ಮೆಟ್ಟಿಲು ಹತ್ತುವವರು ಗಡಿಯಾರ ನೋಡಿಕೊಂಡು, ಇಷ್ಟು ಬೇಗನಾ ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಅಮ್ಮ ಸಾಲಿನ ಉದ್ದಕ್ಕೂ ನಡೆಯುತ್ತ ಹೇಳುತ್ತಿದ್ದಳು: "ಟೋಪಿ, ಕನ್ನಡಕ, ಎಲ್ಲ ಕೊನೇ ತಿರುವಲ್ಲೇ ತೆಗೆದು ಒಳಗಿಡಿ. ಎಲ್ಲಿ ಕೂರ್ಬೇಕು ಅನ್ನೋ ಯೋಚನೇನೂ ಇಲ್ಲೇ ಮುಗಿಸ್ಕೊಳ್ಳಿ. ಮೇಲೆ ಹೋಗಿ ಯೋಚನೆ ಮಾಡ್ತಾ ನಿಂತ್ರೆ ಬಂಡಿ ನಿಲ್ಲುತ್ತೆ."

ಕ್ಯಾಂಟೀನಿನವಳು ಟೀಗೆ ಬರಲು ಇನ್ನೆಷ್ಟು ಹೊತ್ತು ಎಂದರೂ ಅಮ್ಮನದು ಅದೇ ಲೆಕ್ಕ. ಊಟಕ್ಕೆ ಅರ್ಧ ಗಂಟೆ ಎಂದರೆ ಇಪ್ಪತ್ತು ನಿಮಿಷ. ಮಕ್ಕಳಿಬ್ಬರೂ ಅಮ್ಮ ಹೇಳಿದ್ದರಿಂದ ಹತ್ತು ಕಳೆಯುವುದನ್ನು ಮಗ್ಗಿಗಿಂತ ಮೊದಲೇ ಕಲಿತಿದ್ದರು.

*

ಒಂಬತ್ತೂವರೆಗೆ ಜನ ಬರತೊಡಗಿದರು. ಮಾಮ ಬಾಗಿಲಲ್ಲಿ ನಿಂತು, ಒಬ್ಬರನ್ನು ಪೆಟ್ಟಿಗೆಯ ಎಡಕ್ಕೆ, ಮತ್ತೊಬ್ಬರನ್ನು ಬಲಕ್ಕೆ ಬಿಡುತ್ತಿದ್ದರು. ಯಾರನ್ನೂ ಮುಂದೆ ತಳ್ಳಲಿಲ್ಲ. ಆದರೂ ಸಾಲು ಎಲ್ಲಿಯೂ ನಿಲ್ಲಲಿಲ್ಲ. ಪಾರ್ಕಿನ ಸಮವಸ್ತ್ರದಲ್ಲಿ ಬಂದವರು ಹೇಳದೆಯೇ ಕೊನೆಯ ತಿರುವಿನಲ್ಲಿ ಟೋಪಿ ತೆಗೆಯುತ್ತಿದ್ದರು.

ಅವಳು ಅಂಗಳದ ಗೋಡೆಗೊರಗಿ ನಿಂತಳು, ಕೂತಳು, ಮತ್ತೆ ಎದ್ದಳು. ನೀರು ಕುಡಿದಳು. ತಮ್ಮ ಹೊರಬಂದದ್ದನ್ನು ಕಂಡು ಅಡ್ಡ ಹೋದಳು.

"ಹೇಳು."

"ಹತ್ತು ದಿನ" ಎಂದ ಅವನು. "ಹತ್ತು ಅಂದಿದ್ರು. ಹನ್ನೊಂದು ದಿನ ಇದ್ಲು. ಸಾಕಾ?"

"ನನಗೆ ಒಂದು ತಿಂಗಳು ಅಂದಿದ್ಲು."

"ಗೊತ್ತು. ಪಕ್ಕದಲ್ಲೇ ಇದ್ದೆ."

"ಪಕ್ಕದಲ್ಲೇ ಇದ್ದು ಬಾಯಲ್ಲಿ ಅವಲಕ್ಕಿ ಇಟ್ಕೊಂಡಿದ್ಯಾ?"

"ಆಣೆ ಹಾಕಿಸ್ಕೊಂಡಿದ್ಲು ಅಕ್ಕಾ" ಎಂದು ಅವನು ದನಿ ಏರಿಸಿದ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. "ನೀನು ಅಲ್ಲಿ ಕೂತು ನನ್ನನ್ನ ಕೇಳ್ತೀಯ. ಇಲ್ಲಿದ್ದೋನು ನಾನು."

*

ಆ ಫೋನು ಬಂದಾಗ ಅವಳು ಬಟ್ಟೆ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿದ್ದಳು. ಅರವತ್ತು ಯಂತ್ರಗಳ ಸದ್ದು. ಒಂದು ಕಿವಿ ಮುಚ್ಚಿಕೊಂಡು ಮೆಟ್ಟಿಲ ಕೆಳಗೆ ಹೋಗಿದ್ದಳು.

"ಒಂದು ತಿಂಗಳಂತೆ ಕಣೇ" ಎಂದಿದ್ದಳು ಅಮ್ಮ, ಬಸ್ಸು ತಡವಂತೆ ಎನ್ನುವ ದನಿಯಲ್ಲಿ. "ನಿನ್ನ ಆರ್ಡರ್ ಕಳಿಸಿ ಮುಗಿಸ್ಕೊಂಡೇ ಬಾ. ಅವಸರ ಇಲ್ಲ."

ಅವಳು ಕಳೆಯದೆ ಇರಲಿಲ್ಲ. ಅಳುತ್ತ ಅಳುತ್ತಲೇ ತಿಂಗಳಿನಿಂದ ಹತ್ತು ದಿನ ಕಳೆದಳು. ಇಪ್ಪತ್ತು ಉಳಿಯಿತು. ಹದಿನೈದನೆಯ ದಿನಕ್ಕೆ ರಜೆ ಬರೆದು, ಟಿಕೆಟ್ ತೆಗೆಸಿದಳು. ಅಮ್ಮ ಯಾವತ್ತೂ ಹತ್ತಕ್ಕಿಂತ ಜಾಸ್ತಿ ಸೇರಿಸಿದವಳಲ್ಲ.

ಹನ್ನೊಂದನೆಯ ದಿನವೇ ಸಾವಿನ ಸುದ್ದಿ ಬಂತು. ನಿನ್ನೆ ಬಸ್ಸಿನಲ್ಲಿ ಕೂತಾಗಿನಿಂದ ಒಂದೇ ಸಂಶಯ ಒಳಗೆ ಕೊರೆಯುತ್ತಿತ್ತು. ಮಗಳು ಹತ್ತು ಕಳೆಯುತ್ತಾಳೆಂದು ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ಹತ್ತಕ್ಕಿಂತ ಜಾಸ್ತಿ ಸೇರಿಸಿರಬೇಕು. ಹಾಗಾದರೆ ಮಗಳು ಬರುವುದೇ ಅವಳಿಗೆ ಬೇಡವಾಗಿತ್ತೇ?

*

ಹನ್ನೊಂದೂವರೆಯ ಹೊತ್ತಿಗೆ ಸಾಲು ತೆಳುವಾಯಿತು. ಮಾಮ ಬಾಗಿಲನ್ನು ಇನ್ನೊಬ್ಬನಿಗೆ ಒಪ್ಪಿಸಿ ಅವಳಿದ್ದಲ್ಲಿಗೆ ಬಂದು ಮೆಟ್ಟಿಲ ಮೇಲೆ ಕೂತರು.

"ಇನ್ನೂ ನೋಡಿಲ್ಲ ನೀನು."

"ನಿಮಗೂ ಗೊತ್ತಿತ್ತಾ ಮಾಮ?"

"ಗೊತ್ತಿತ್ತು."

"ಒಂದು ಫೋನ್ ಮಾಡೋಕೆ ಎಷ್ಟು ಸೆಕೆಂಡು ಬೇಕಿತ್ತು ನಿಮಗೆ?"

ಮಾಮ ಹೇಳಿದರು: "ನಂಬರ್ ಒತ್ತಿದ್ದೆ. ಕೈಯಿಂದ ಕಿತ್ಕೊಂಡ್ಲು. 'ಅವಳು ಬಂದ್ರೆ ಏನ್ ಮಾಡ್ತಾಳೆ? ಮಂಚದ ಪಕ್ಕ ಕೂತು ಕಾಯ್ತಾಳೆ. ಇಪ್ಪತ್ತಾರು ವರ್ಷ ಕಾಯೋರ ಮುಖಾನೇ ನೋಡಿದೀನಿ ಕಣೋ, ನನ್ನ ಮಗಳದ್ದು ನೋಡೋಕೆ ನನ್ನ ಕೈಲಾಗಲ್ಲ' ಅಂದ್ಲು."

"ತಮ್ಮನ ಮುಖ ನೋಡಬಹುದಿತ್ತಂತಾ?"

"ಅವನು ಮನೇಲೇ ಇದ್ದನಲ್ಲ, ಎಲ್ಲಿಗೆ ಕಳಿಸ್ತಾಳೆ?" ಮಾಮ ಕೈಗಡಿಯಾರವನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿಕೊಂಡರು. "ಕೊನೇ ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದ್ಲು. ಅವನು ಅವಳ ಬೆನ್ನ ಹಿಂದೆ ಗಂಜಿ ಹಿಡ್ಕೊಂಡು ಕೂತಿರ್ತಿದ್ದ."

ಅವಳು ಬಾಗಿಲಿನ ಕಡೆ ನೋಡಿದಳು. ತಮ್ಮ ಪೆಟ್ಟಿಗೆಯ ತಲೆಯ ಬಳಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದ. ಅಂಗಿಯ ಗುಂಡಿಗಳನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ. ಬೆಳಿಗ್ಗೆಯಿಂದ ಅದನ್ನು ಯಾರೂ ಹೇಳಿರಲಿಲ್ಲ. ಅವಳೂ ಕಂಡಿರಲಿಲ್ಲ.

ಎದ್ದು ಹೋಗಿ ಸಾಲಿನ ಬಾಲದಲ್ಲಿ ನಿಂತಳು.

"ಅಯ್ಯೋ, ನೀನ್ಯಾಕಮ್ಮ ಲೈನಲ್ಲಿ, ಮನೆ ಮಗಳು!" ಎಂದಳು ಕ್ಯಾಂಟೀನಿನವಳು. ಮಗಳ ಹಿಂದೆ ಒಬ್ಬ ಮುದುಕ ಬಂದು ನಿಂತ. ಯಾವ ಕಾಲದಲ್ಲೋ ಮೊಮ್ಮಕ್ಕಳನ್ನು ಕರೆದುಕೊಂಡು ಪಾರ್ಕಿಗೆ ಬರುತ್ತಿದ್ದವನಂತೆ.

"ಎಷ್ಟು ಹೊತ್ತಾಗಬಹುದು ತಾಯಿ?"

ಅವಳು ಕಂಬಗಳನ್ನು ಎಣಿಸಿದಳು. ಐದು ನಿಮಿಷ.

"ಹದಿನೈದು" ಎಂದಿತು ಬಾಯಿ. ಆಮೇಲೆ ಪಕ್ಕಕ್ಕೆ ಸರಿದು, "ನೀವು ಮುಂದೆ ಹೋಗಿ" ಎಂದಳು.

ಆಮೇಲೆ ಬಂದವರನ್ನೂ ಹಾಗೆಯೇ ಬಿಟ್ಟಳು. ಇಬ್ಬರು, ಐವರು, ಟಿಕೆಟ್ ಕೌಂಟರಿನ ಮೂವರು ಹುಡುಗಿಯರು. ಪ್ರತಿ ಸಲವೂ ಬಾಲದಲ್ಲಿ ಅವಳೇ ಉಳಿದಳು. ಹನ್ನೆರಡೂಕಾಲಿಗೆ ಹಿಂದೆ ಯಾರೂ ಬರಲಿಲ್ಲ. ಮುಂದಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಮುಗಿದರು. ಅಂಗಳದಲ್ಲಿ ಬರಿಯ ಕಂಬ, ಹಗ್ಗ.

ಗೇಟಿನಾಚೆ ಗಾಡಿ ಬಂದು ನಿಂತಿತು. ಸಭಾಂಗಣದ ಕಾವಲುಗಾರ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಂದ.

"ಆಯ್ತೇನ್ರೀ? ಮುಚ್ಚಬಹುದಾ?"

"ಲೈನಲ್ಲಿ ಜನ ಇದ್ದಾರೆ" ಎಂದರು ಮಾಮ. "ಮುಚ್ಚೋ ಹೊತ್ತಿಗೆ ಲೈನಲ್ಲಿ ಇರೋರದ್ದು ಮುಗೀಲೇಬೇಕು."

ಕಾವಲುಗಾರ ಅಂಗಳವನ್ನೂ ಅವರನ್ನೂ ನೋಡಿ ಗೊಂಚಲನ್ನು ಜೇಬಿಗಿಳಿಸಿದ.

ತಮ್ಮ ಹೊರಗೆ ಬಂದು, ಬಾಗಿಲ ಬಳಿಯ ಹಗ್ಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಅಕ್ಕಾ, ಇಲ್ಲೇ ಬಗ್ಗಿ ಬಾ. ಹತ್ತು ಹೆಜ್ಜೆ."

"ಬರ್ತೀನಿ ಇರು" ಎಂದಳು ಅವಳು. "ನಿನ್ನ ಗುಂಡಿ ಸರಿಮಾಡ್ಕೋ."

ಅವನು ಕೆಳಗೆ ನೋಡಿಕೊಂಡ. ಹಗ್ಗ ಬಿಡಲಿಲ್ಲ.

ಅವಳು ಬಗ್ಗಲಿಲ್ಲ. ಮೊದಲ ಸಾಲಿನ ಕೊನೆಯವರೆಗೆ ನಡೆದು ತಿರುಗಿದಳು. ಎರಡನೆಯದರಲ್ಲಿ ಬಾಗಿಲಿಗೆ ಬೆನ್ನು ಹಾಕಿ ಅಷ್ಟೇ ದೂರ ಹಿಂದೆ ಹೋದಳು. ಮತ್ತೆ ತಿರುಗಿದಳು. ಯಾರೂ ಇಲ್ಲದ ಸಾಲಿನಲ್ಲಿ ಒಂದೊಂದು ಕಂಬಕ್ಕೂ ಎಂಟು ಜನ ಇರುವಂತೆ ನಿಧಾನವಾಗಿ ಬರುತ್ತಿದ್ದಳು. ತಮ್ಮ ಹಗ್ಗ ಎತ್ತಿಕೊಂಡೇ ನಿಂತಿದ್ದ. ಕೊನೆಯ ತಿರುವಿಗೆ ಬಂದಾಗ ಅವಳು ನಿಂತು, ಕನ್ನಡಕ ತೆಗೆದು, ಮಡಿಸಿ, ಬ್ಯಾಗಿನೊಳಗೆ ಇಟ್ಟಳು.