ಚನ್ನಪ್ಪನವರ ಶಿಫ್ಟ್ ಚಾರ್ಟು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಕೀಮೋ ಎಂದು ಡಾಕ್ಟರು ಹೇಳಿದ್ದು ಶುಕ್ರವಾರ. ಶನಿವಾರ ಸಂಜೆಯೊಳಗೆ ಚನ್ನಪ್ಪನವರು ಶಿಫ್ಟ್ ಚಾರ್ಟು ತಯಾರಿಸಿ ಬಜಾಜ್ ನಗರದ ತಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಟ್ಟರು. ಎದೆಯಲ್ಲಿ ಗಡ್ಡೆ ಇದ್ದದ್ದು ಹೆಂಡತಿ ಸಂಗವ್ವನಿಗೆ. ಚಾರ್ಟು ನೋಡಿದವರಿಗೆ ಮಾತ್ರ ಮನೆಯಲ್ಲೊಂದು ಬಾಯ್ಲರ್ ಕೆಟ್ಟಿದೆ ಅನ್ನಿಸಬೇಕು.

ಅವರ ತಪ್ಪೂ ಅಲ್ಲ. ಮೂವತ್ತೊಂದು ವರ್ಷ ಖಾಪರಖೇಡಾ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಕೂತು ರಿಟೈರ್ ಆದ ಮನುಷ್ಯ. ಜಗತ್ತಿನಲ್ಲಿ ಶಿಫ್ಟ್ ಹಾಕದೆ ನಡೆಯುವುದು ಏನೂ ಇಲ್ಲವೆಂದು ನಂಬಿದವರು. ಬೆಳಗಿನ ಗಂಜಿ: ಪಕ್ಕದ ಮನೆಯ ಕಾಶಿಬಾಯಿ. ಆಸ್ಪತ್ರೆಯಲ್ಲಿ ಹತ್ತರಿಂದ ಎರಡು: ಮಗಳು ಸೌಜನ್ಯಾ. ಎರಡರಿಂದ ಆರು: ಸಿವಿಲ್ ಲೈನ್ಸ್‌ನಲ್ಲಿರುವ ತಮ್ಮ ಶಿವಪ್ರಸಾದ್. ತಮ್ಮದೇ ಹೆಸರಿನ ಮುಂದೆ ಹತ್ತು ಗಂಟೆಯವರೆಗೆ 'ಸಾಗಾಣಿಕೆ', ಆಮೇಲೆ 'ಒಟ್ಟು ಉಸ್ತುವಾರಿ' ಎಂದು ಬರೆದು ಎರಡು ಗೆರೆ ಎಳೆದಿದ್ದರು.

ಸಂಗವ್ವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

"ಇದರಾಗ ನನ್ನ ಬಾಜೂಕ ಕುಂದರೋರು ನೀವ ಎಲ್ಲಿ ಅದೀರಿ?"

"ನಾ ಎಲ್ಲಾ ಕಡೆ ಇರ್ತೀನಲ್ಲ. ಉಸ್ತುವಾರಿ ಅಂದ್ರ ಏನಂತ ತಿಳದಿ?"

ಎಲ್ಲಾ ಕಡೆ ಇರುವ ದೇವರು ಕರೆದಾಗ ಸಿಗುವುದಿಲ್ಲ ಎಂಬುದು ಸಂಗವ್ವನಿಗೆ ಗೊತ್ತಿತ್ತು. ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದ ದಿನ ಅವರು ಕಾರು ನಿಲ್ಲಿಸಲು ಹೋದವರು ಒಂದೂವರೆ ತಾಸು ನಿಲ್ಲಿಸುತ್ತಲೇ ಇದ್ದರು. ರಿಪೋರ್ಟು ಬಂದು ಡಾಕ್ಟರು ಆ ಶಬ್ದ ಹೇಳಿದಾಗ ಝೆರಾಕ್ಸ್ ಅಂಗಡಿಯಲ್ಲಿದ್ದರು. ರೋಗದ ಮಾತು ಬಾಗಿಲಲ್ಲಿ ಕಂಡರೆ ಸಾಕು, ಚನ್ನಪ್ಪನವರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಸಂಗವ್ವನಿಗೆ ಗಂಜಿ ಬೇಕಿರಲಿಲ್ಲ, ಉಸ್ತುವಾರಿ ಬೇಕಿರಲಿಲ್ಲ. ಮೊದಲ ಸಲ ಆ ಔಷಧ ಮೈಯೊಳಗೆ ಇಳಿಯುವಾಗ ಗಂಡ ಪಕ್ಕದಲ್ಲಿ ಕೂತಿರಬೇಕು, ಅಷ್ಟೇ. ಎರಡು ಹೆರಿಗೆಯನ್ನೂ ಅವರಿಲ್ಲದೆ ದಾಟಿದ್ದಳು. ಇದನ್ನು ಒಬ್ಬಳೇ ದಾಟಲು ಅವಳಿಗೆ ಭಯವಾಗುತ್ತಿತ್ತು.

ಭಾನುವಾರ ಧೈರ್ಯ ಹೇಳುವವರ ಜಾತ್ರೆ. ಬಂದವರಿಗೆಲ್ಲ ಚಹಾ ಮಾಡುವ ಡ್ಯೂಟಿಯನ್ನು ಚಾರ್ಟಿನಲ್ಲಿ ಯಾರಿಗೂ ಹಾಕಿರಲಿಲ್ಲವಾದ್ದರಿಂದ ರೋಗಿಯೇ ಮಾಡಿದಳು. ಕಾಶಿಬಾಯಿ ಗೋಧಿಹುಲ್ಲಿನ ರಸ ತಂದು, ಕುಡಿಯುವವರೆಗೂ ಬಿಡದೆ, ಪಕ್ಕದಲ್ಲಿ ಕೂತು ಕೈ ಹಿಡಿದರು.

"ನಮ್ಮ ನಾದಿನಿಗೂ ಇದ ಆಗಿತ್ರಿ ಸಂಗವ್ವಾರ. ಭಾಳ ಗಟ್ಟಿ ಹೆಣಮಗಳು. ಮೂರ ತಿಂಗಳದಾಗ ಹೋದ್ಲು. ನೀವೇನ ಅಂಜಬ್ಯಾಡ್ರಿ."

ಶಿವಪ್ರಸಾದ್ ಸಕ್ಕರೆ ಬಿಡಬೇಕೆಂದು ಭಾಷಣ ಮಾಡುತ್ತ ಎರಡನೇ ಕಪ್ಪಿಗೆ ಮೂರು ಚಮಚ ಹಾಕಿಸಿಕೊಂಡ. ಚನ್ನಪ್ಪನವರು ಇದ್ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ಹೊಸ ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದರು: 'ಒಂದು ಗಂಟೆ. ರೊಟ್ಟಿ ಅರ್ಧ. ಮುಖ ಸಾಧಾರಣ.'

ಸೋಮವಾರ ಬೆಳಿಗ್ಗೆ ಸಂಗವ್ವ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಮಗಳಿಗೆ ಫೋನು ಮಾಡಿದಳು.

"ಎರಡ ಗಂಟೆಕ್ಕಿಂತ ಮೊದಲ ಬರಬ್ಯಾಡವಾ. ಅಪ್ಪಾ ಫೋನ್ ಮಾಡಿದ್ರ ಎತ್ತಲೂ ಬ್ಯಾಡ. ಕಾಕಾಗೂ ಬರಬ್ಯಾಡ ಅಂತ ಹೇಳು."

"ಅವ್ವಾ, ಪಾಗಲ್ ಆಗೀ ಏನ? ಅಪ್ಪಾ ನಿನ್ನ ಬಿಟ್ಟ ಓಡಿ ಹೋಗ್ತಾರ, ಪಕ್ಕಾ."

"ರಿಲೀವರ್ ಬರದ ಜಾಗಾ ಬಿಟ್ಟ ಹೆಂಗ ಹೋಗ್ತಾರ, ನೋಡೂಣು."

ಖಾಪರಖೇಡಾದ ನಿಯಮವದು. ಮುಂದಿನ ಶಿಫ್ಟಿನವನು ಬಂದು ಚಾರ್ಜು ತೆಗೆದುಕೊಂಡು ಸಹಿ ಹಾಕುವವರೆಗೆ ಕುರ್ಚಿ ಬಿಡುವಂತಿಲ್ಲ. ಮಗಳ ನಾಮಕರಣದ ದಿನ ಚನ್ನಪ್ಪನವರು ರಿಲೀವರ್ ಬರಲಿಲ್ಲವೆಂದು ಹದಿನಾರು ತಾಸು ಕೂತಿದ್ದರು. ಅಂದು ಆ ನಿಯಮಕ್ಕೆ ಹಿಡಿಶಾಪ ಹಾಕಿದ್ದ ಸಂಗವ್ವ ಇಂದು ಅದರ ಮೇಲೆಯೇ ಭಾರ ಹಾಕಿದಳು.

ಹತ್ತು ಗಂಟೆಗೆ ವಾರ್ಡಿನಲ್ಲಿ ಅವಳನ್ನು ಮಲಗಿಸಿದರು. ಹತ್ತೂಕಾಲಿಗೆ ಚನ್ನಪ್ಪನವರು ಬಾಗಿಲ ಕಡೆ ಎಂಟು ಸಲ ನೋಡಿದ್ದರು. ಸೌಜನ್ಯಾ ಫೋನು ಎತ್ತಲಿಲ್ಲ. ಶಿವಪ್ರಸಾದನ ಫೋನು ಬಂದ್ ಆಗಿತ್ತು. ನರ್ಸ್ ಸೂಜಿ ತಂದಾಗ ಅವರು ಎದ್ದು ನಿಂತರು.

"ಒಂದ ಝೆರಾಕ್ಸ್ ಉಳದೈತಿ. ಐದ ಮಿನಿಟಿನಾಗ ಬಂದೆ."

"ಹೋಗ್ರಿ. ಚಾರ್ಜ್ ಯಾರಿಗೆ ಕೊಟ್ಟ ಹೋಗ್ತೀರಿ?"

ಚನ್ನಪ್ಪನವರು ಸುತ್ತ ನೋಡಿದರು. ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವನಿಗೂ ಕೊಟ್ಟುಬಿಡೋಣವೇ ಎಂದು ಯೋಚಿಸಿದವರಂತೆ ಅವರು ಒಂದು ಕ್ಷಣ ನಿಂತರು.

"ಸೌಜನ್ಯಾ ಯಾಕ ಬರಲಿಲ್ಲ ಇನ್ನೂ?"

"ನಾನ ಬರಬ್ಯಾಡ ಅಂದೀನಿ. ಶಿವಪ್ರಸಾದಗೂ."

"ಚಾರ್ಟ್ ಕೆಡಿಸಿದ್ಯಾ?"

"ಹೂಂ, ಕೆಡಿಸೀನಿ."

ಅವರ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡಳು. ಬೈದು ಹೊರಟೇಹೋದರೆ? ಚನ್ನಪ್ಪನವರು ಬಾಗಿಲವರೆಗೆ ನಡೆದರು. ಹಿಡಿಕೆ ಹಿಡಿದರು, ಬಿಟ್ಟರು, ತಿರುಗಿ ಬಂದು ಸ್ಟೂಲಿನ ಮೇಲೆ ಕುಸಿದು ಕೂತರು.

"ಸಂಗವ್ವಾ, ನನಗ ನೋಡಾಕ ಆಗಂಗಿಲ್ಲ. ಅಂಜಿಕಿ ಬರತೈತಿ."

ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ಅಂಜಿಕೆ ಎಂಬ ಮಾತು ಬಂದದ್ದು ಅದೇ ಮೊದಲು. ಸಂಗವ್ವನಿಗೆ ಸಿಟ್ಟೆಲ್ಲ ಇಳಿದುಹೋಯಿತು.

"ನೋಡಬ್ಯಾಡ್ರಿ. ಸುಮ್ಮ ಕುಂದರ್ರಿ."

ಅವರು ಗೋಡೆ ನೋಡುತ್ತ, ಅವಳ ಸೂಜಿ ಇಲ್ಲದ ಕೈ ಹಿಡಿದು ಕೂತರು. ಔಷಧ ಹನಿಹನಿಯಾಗಿ ಇಳಿಯಿತು. ಒಂದು ಬಾಟಲಿ ಮುಗಿದು ಎರಡನೆಯದು ಏರಿತು. ಲಾಗ್‌ಬುಕ್ಕು ಚೀಲದಿಂದ ಹೊರಗೆ ಬರಲಿಲ್ಲ.

ಎರಡಕ್ಕೆ ಸರಿಯಾಗಿ ಸೌಜನ್ಯಾ ಡಬ್ಬಿ ಹಿಡಿದು ಬಂದಳು. ಅಪ್ಪ ಇನ್ನೂ ಅಲ್ಲೇ ಇದ್ದುದು ನೋಡಿ ಅವಳ ಕಣ್ಣು ಅಗಲವಾಯಿತು.

"ಸಾರಿ ಅಪ್ಪಾ. ಈಗ ನೀವು ಹೋಗ್ರಿ, ಊಟಾ ಮಾಡ್ರಿ. ನಾ ಕುಂದರ್ತೀನಿ."

"ಬ್ಯಾಡ," ಎಂದರು ಚನ್ನಪ್ಪನವರು, ಗೋಡೆಯಿಂದ ಕಣ್ಣು ಕೀಳದೆ. "ನೀ ಹೊರಗ ಕುಂದರು. ಮುಂದಿನ ಸಲಾನೂ ನಾನ ಬರಾಂವ."

ಕ್ಯಾನ್ಸರ್ ಎಂದ ದಿನ ಅಳದಿದ್ದ ಸಂಗವ್ವ ಈಗ ಬಿಕ್ಕಿ ಬಿಕ್ಕಿ ಅತ್ತಳು. ಚನ್ನಪ್ಪನವರು ಗಾಬರಿಯಾಗಿ, ಪ್ಲಾಂಟಿನಲ್ಲಿ ಸೈರನ್ ಕೂಗಿದಂತೆ, "ಸಿಸ್ಟರ್! ಜಲ್ದಿ!" ಎಂದು ಕೂಗಿದರು. ನರ್ಸ್ ಓಡಿಬಂದು, "ಕಾಕೂ, ಕುಠೇ ದುಖತಂಯ್?" ಎಂದು ಮರಾಠಿಯಲ್ಲಿ ಎಲ್ಲಿ ನೋವೆಂದು ಕೇಳಿದಳು. ಎಲ್ಲೂ ಇಲ್ಲವೆಂದು ಸಂಗವ್ವ ತಲೆಯಾಡಿಸಿದಳು. ಕಣ್ಣೊರೆಸಿಕೊಳ್ಳಲು ಒಂದು ಕೈ ಬೇಕಿತ್ತು. ಒಂದರಲ್ಲಿ ಸೂಜಿ ಇತ್ತು, ಇನ್ನೊಂದನ್ನು ಚನ್ನಪ್ಪನವರು ಬಿಡಲಿಲ್ಲ.